ಕಛೇರಿಯ ಮೌನ

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕುಳಿತರೆ ಒಪ್ಪಿದಳೆಂದೇ ತಿಳಿದು ಹಿರಿಯರು ತಾಂಬೂಲಕ್ಕೆ ಕೈಹಾಕುತ್ತಿದ್ದ ಕಾಲವೊಂದಿತ್ತು. ಆ ತಿಳಿವಳಿಕೆ ಎಷ್ಟು ಸರಿಯಾಗಿತ್ತೆಂಬುದು ಬೇರೆಯ ಮಾತು. ಆ ಹುಡುಗಿಯರನ್ನೇ ಕೇಳಬೇಕು. ನಾವು ಇಲ್ಲಿ ಎತ್ತಿಕೊಂಡಿರುವುದು ಇನ್ನೊಂದು ಬಗೆಯ ಮೌನವನ್ನು. ಸರಕಾರಿ ಕಛೇರಿಗೆ ಅರ್ಜಿ ಕೊಟ್ಟು, ತಿಂಗಳುಗಟ್ಟಲೆ ಕಾದು, 'ಆಗುತ್ತದೆ' ಎಂದಾಗಲಿ 'ಆಗುವುದಿಲ್ಲ' ಎಂದಾಗಲಿ ಕೇಳಿಸಿಕೊಳ್ಳದೆ ನಿಂತವನ ಎದುರಿಗಿರುವ ಮೌನ ಅದು. ಅಲ್ಲಿ ಸೂತ್ರ ತಲೆಕೆಳಗಾಗಿದೆ. ಅಲ್ಲಿ ಮೌನವೆಂದರೆ ನಿರಾಕರಣೆ. ಆದರೆ ನಿರಾಕರಿಸಿದೆವೆಂದು ಯಾರೂ ಹೇಳಿಲ್ಲ.

ಉತ್ತರ ಕೊಡದೆ ಇರುವುದೂ ಒಂದು ಕೃತ್ಯವೇ? ಹೌದಾದರೆ ಅದರ ಕರ್ತೃ ಯಾರು? ಇದು ಮಠದ ಜಗಲಿಯ ಮೇಲೆ ಕುಳಿತು ಮಾಡುವ ತರ್ಕದಂತೆ ತೋರಬಹುದು. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವನಿಗೆ ಮಾತ್ರ ಇದು ಅಕ್ಕಿ ಬೇಳೆಯ ಪ್ರಶ್ನೆ.

ನಮ್ಮ ದೇಶದಲ್ಲಿ ನಿರುದ್ಯೋಗಿಗೆ ಹಣ ಕೊಡುವ ಏರ್ಪಾಡು ಉಂಟೆ ಎಂದು ಹುಬ್ಬೇರಿಸುವವರೇ ಹೆಚ್ಚು. ಉಂಟು, ಎಲ್ಲರಿಗೂ ಅಲ್ಲ, ಬಹಳ ಕಾಲಕ್ಕೂ ಅಲ್ಲ. 1948ರ ಕಾಯ್ದೆಯಂತೆ ಏರ್ಪಟ್ಟ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಎಲ್ಲರ ಬಾಯಲ್ಲಿರುವ ಇ.ಎಸ್.ಐ., 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಮೊದಲಾಯಿತು. ಉದ್ಘಾಟಿಸಿದವರು ನೆಹರೂ. ಕಾಯಿಲೆ, ಹೆರಿಗೆ, ಕಾರ್ಖಾನೆಯಲ್ಲಿ ಪೆಟ್ಟು, ಸಾವು ಎಲ್ಲಕ್ಕೂ ಅದರಲ್ಲಿ ಆಸರೆಯಿತ್ತು. ಕೆಲಸವೇ ಹೋದರೆ ಏನೆಂಬುದಕ್ಕೆ ಉತ್ತರವಿರಲಿಲ್ಲ. ಆ ಖಾಲಿ ಜಾಗ ತುಂಬಲು ಐವತ್ತಮೂರು ವರ್ಷ ಹಿಡಿಯಿತು. 2005ರಲ್ಲಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಬಂದಿತು. 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಎರಡನೆಯದರಲ್ಲಿ ಮೊದಲು ಸರಾಸರಿ ದಿನಗೂಲಿಯ ಕಾಲುಭಾಗ ಸಿಗುತ್ತಿತ್ತು. 2020ರಲ್ಲಿ, ಕೋವಿಡ್ ದಿಗ್ಬಂಧನದಿಂದ ಲಕ್ಷಾಂತರ ಜನರ ಕೆಲಸ ಹೋದಾಗ, ಅದನ್ನು ಅರ್ಧಕ್ಕೆ ಏರಿಸಿದರು. ಅದೂ ಹೆಚ್ಚೆಂದರೆ ತೊಂಬತ್ತು ದಿನಕ್ಕೆ, ಜೀವಮಾನದಲ್ಲಿ ಒಂದು ಸಲ.

ಇದು ಭಿಕ್ಷೆಯಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. 2019ರಲ್ಲಿ ಗೊತ್ತುಮಾಡಿದ ದರದಂತೆ ಕಾರ್ಮಿಕನ ಸಂಬಳದಿಂದ ನೂರಕ್ಕೆ 0.75, ಮಾಲೀಕನಿಂದ ನೂರಕ್ಕೆ 3.25 ವಂತಿಗೆ ಹೋಗುತ್ತದೆ. ತಿಂಗಳಿಗೆ 15,000 ರೂಪಾಯಿ ದುಡಿಯುವವನ ಹೆಸರಿನಲ್ಲಿ 600 ರೂಪಾಯಿ ಪ್ರತಿ ತಿಂಗಳೂ ಅಲ್ಲಿ ಸೇರುತ್ತದೆ. ಅವನು ಕೇಳುತ್ತಿರುವುದು ತಾನು ಕಟ್ಟಿದ ವಿಮೆಯನ್ನು. ಬ್ಯಾಂಕಿನಲ್ಲಿಟ್ಟ ಹಣವನ್ನು ಬ್ಯಾಂಕಿನವರು ಕೇಳಿದಾಗ ಕೊಡದೆ 'ಪರಿಶೀಲನೆಯಲ್ಲಿದೆ' ಎಂದರೆ ನಾವು ಎಷ್ಟು ಹೊತ್ತು ಸುಮ್ಮನಿರುತ್ತೇವೆ?

ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಉಡುಪಿಯ ಕಡೆಯಿಂದ ಬಂದು ದಿಲ್ಲಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವರ ಮಗ. ದಿಲ್ಲಿಯ ಕನ್ನಡಿಗರೆಂದರೆ ಮಂತ್ರಾಲಯಗಳ ಅಧಿಕಾರಿಗಳೆಂದೇ ತಿಳಿಯುವವರು ಇಂಥವರನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಮನೆ ಮುನಿರ್ಕಾದಲ್ಲಿ. ಕೆಲಸ ಮಾನೇಸರದಲ್ಲಿ, ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ, ಠೇಕೇದಾರನ ಕೈಕೆಳಗೆ. ಠೇಕೇದಾರನ ಆಫೀಸು ನೋಯ್ಡಾದಲ್ಲಿ. ಅಂದರೆ ಮಲಗುವುದು ದಿಲ್ಲಿಯಲ್ಲಿ, ದುಡಿಯುವುದು ಹರಿಯಾಣದಲ್ಲಿ, ಸಂಬಳದ ಪಟ್ಟಿ ಉತ್ತರಪ್ರದೇಶದಲ್ಲಿ. ಒಂದು ದಿನ ಹತ್ತಿಪ್ಪತ್ತು ಜನರನ್ನು ಕರೆದು, ಆರ್ಡರು ಕಡಿಮೆಯಾಗಿದೆ, ಇಲ್ಲಿ ಸಹಿ ಹಾಕಿದರೆ ಈ ತಿಂಗಳ ಲೆಕ್ಕ ಇಂದೇ ಚುಕ್ತಾ ಎನ್ನುತ್ತಾರೆ. ಹಾಕದಿದ್ದರೆ? ಅದನ್ನು ಯಾರೂ ಹೇಳುವುದಿಲ್ಲ. ಮನೆ ಬಾಡಿಗೆಯ ತಾರೀಖು ತಲೆಯಲ್ಲಿ ಇರುವವನು ಸಹಿ ಹಾಕುತ್ತಾನೆ. ಆ ಕಾಗದದ ಮೇಲೆ ಅಚ್ಚಾಗಿರುವುದು ರಾಜೀನಾಮೆ.

ಇನ್ನು ಮುಂದಿನ ವ್ಯಾಜ್ಯವೆಲ್ಲ ಆ ಒಂದು ಶಬ್ದದ ಸುತ್ತ. ದುರ್ನಡತೆಗಾಗಿ ವಜಾ ಆದವನಿಗೆ, ವಯಸ್ಸಾಗಿ ನಿವೃತ್ತನಾದವನಿಗೆ, ತಾನಾಗಿ ಬಿಟ್ಟುಹೋದವನಿಗೆ ಭತ್ಯೆಯಿಲ್ಲವೆಂಬುದು ನಿಯಮ. ನಿಯಮದಲ್ಲಿ ತಪ್ಪೇನಿಲ್ಲ. ಆದರೆ ತಾನಾಗಿ ಬಿಟ್ಟನೋ ಬಿಡಿಸಿದರೋ ಎಂಬುದಕ್ಕೆ ಸಾಕ್ಷಿ ಹೇಳುವವರು ಯಾರು? ಬಿಡಿಸಿದವರೇ. 2018ರಲ್ಲಿ ಈ ಯೋಜನೆ ಬಂದಾಗ ಅರ್ಜಿಯನ್ನು ಹಳೆಯ ಮಾಲೀಕನ ಮೂಲಕವೇ ಕಳಿಸಬೇಕಿತ್ತು. ಮನೆಯಿಂದ ಹೊರದಬ್ಬಿದ ಭಾವನಿಂದಲೇ 'ದಬ್ಬಿದ್ದು ನಿಜ' ಎಂದು ಚೀಟಿ ತೆಗೆದುಕೊಂಡು ಬಾ ಎಂದ ಹಾಗಾಯಿತು. 2020ರಲ್ಲಿ ಈ ಷರತ್ತನ್ನು ತೆಗೆದು, ಕಾರ್ಮಿಕ ತಾನೇ ನೇರವಾಗಿ ಶಾಖಾ ಕಛೇರಿಗೆ ಅರ್ಜಿ ಕೊಡಬಹುದೆಂದರು. ಅದೇ ವರ್ಷ ನವೆಂಬರಿನಲ್ಲಿ ಪ್ರಮಾಣಪತ್ರದ ಕಟ್ಟುಪಾಡನ್ನೂ ಕೈಬಿಟ್ಟರು. ಅದರಿಂದ ಅರ್ಜಿದಾರರಿಗೆ ತೊಂದರೆಯಾಗುತ್ತಿದೆಯೆಂದು ಇಲಾಖೆಯೇ ಒಪ್ಪಿಕೊಂಡಿತು. ಇದನ್ನು ನಾವು ಮೆಚ್ಚಿ ಹೇಳುತ್ತಿದ್ದೇವೆ. ಆದರೆ ಮಾಲೀಕನ ಮಾತು ಬೇಡವೆಂದರೂ ಮಾಲೀಕ ಬರೆದ ದಾಖಲೆ ಬೇಕಲ್ಲ! ಕೆಲಸ ಬಿಟ್ಟ ಕಾರಣವೆಂಬ ಅಂಕಣದಲ್ಲಿ ಅವನು ಏನು ತುಂಬಿದ್ದಾನೋ ಅದೇ ಗಣಕಯಂತ್ರದ ವೇದವಾಕ್ಯ.

ನಮ್ಮ ಹುಡುಗನಿಗೆ ದಿನಕ್ಕೆ 250 ರೂಪಾಯಿಯಂತೆ ತೊಂಬತ್ತು ದಿನಕ್ಕೆ 22,500 ಬರಬೇಕು. ಅವನು ಶಾಖಾ ಕಛೇರಿಗೆ ಹೋದರೆ, ನಿನ್ನ ವಿಮೆಯ ನೋಂದಣಿ ಇಲ್ಲಿಯದಲ್ಲ, ಅಲ್ಲಿಗೆ ಹೋಗು ಎನ್ನುತ್ತಾರೆ. ಅಲ್ಲಿಗೆ ಹೋದರೆ ಮೇಲಿನಿಂದ ಬರಬೇಕು ಎನ್ನುತ್ತಾರೆ. ದೂರವಾಣಿಯಲ್ಲಿ ಸಂಗೀತ ಕೇಳಿಸುತ್ತದೆ. ಒಂದು ಒತ್ತಿ, ಎರಡು ಒತ್ತಿ ಎಂಬ ಅಶರೀರವಾಣಿಯ ನಂತರ ತಂತಿ ಕಡಿಯುತ್ತದೆ. ವಿಮಾ ನಿಗಮದ ಪ್ರಧಾನ ಕಛೇರಿ ಪಂಚದೀಪ ಭವನ ದಿಲ್ಲಿಯಲ್ಲೇ ಇದೆ, ಮುನಿರ್ಕಾದಿಂದ ಒಂದು ಮೆಟ್ರೋ ಪ್ರಯಾಣದ ದೂರ. ಆದರೂ ಅವನಿಗೆ ಅದು ಬೀದರಿನವನಿಗೆ ಇರುವಷ್ಟೇ ದೂರ. ದಿಲ್ಲಿ ಇನ್ನೂ ದೂರವಿದೆ ಎಂದು ನಿಜಾಮುದ್ದೀನ್ ಔಲಿಯಾ ಹೇಳಿದರೆಂದು ಪ್ರತೀತಿಯಿರುವುದು ಹೊರಗಿನಿಂದ ಬರುತ್ತಿದ್ದ ಸುಲ್ತಾನನಿಗೆ. ಇಲ್ಲಿಯೇ ಹುಟ್ಟಿ ಬೆಳೆದವರಿಗೂ ಆ ಮಾತು ಒಪ್ಪುತ್ತದೆಂದು ಅವರು ಎಣಿಸಿರಲಾರರು.

ಈಗ ಕಿಟಕಿಯ ಆಚೆ ಬದಿಗೆ ಹೋಗೋಣ. ಈ ಪತ್ರಿಕೆಯ ಓದುಗರಲ್ಲಿ ಅನೇಕರು ರಾಮಕೃಷ್ಣಪುರದ ಸರಕಾರಿ ವಸತಿಗಳಲ್ಲಿ ಸಂಸಾರ ಹೂಡಿ ಕಡತಗಳ ನಡುವೆಯೇ ತಲೆ ನರೆಸಿಕೊಂಡವರು. ಗುಮಾಸ್ತನೆಂದರೆ ಹೃದಯಹೀನನೆಂದು ಬರೆದರೆ ಅವರು ನಗುತ್ತಾರೆ, ಸಕಾರಣವಾಗಿಯೇ. ಒಬ್ಬ ಗುಮಾಸ್ತ ಕೊಡಬಾರದವನಿಗೆ 22,500 ಕೊಟ್ಟನೆಂದುಕೊಳ್ಳಿ. ಲೆಕ್ಕತಪಾಸಣೆಯಲ್ಲಿ ಆಕ್ಷೇಪ ಏಳುತ್ತದೆ, ವಿವರಣೆ ಕೇಳುತ್ತಾರೆ, ಬಡ್ತಿಯ ಹೊತ್ತಿಗೆ ಆ ಕಾಗದ ಮೇಲೆ ತೇಲುತ್ತದೆ. ಕೊಡಬೇಕಾದವನಿಗೆ ಕೊಡಲಿಲ್ಲವೆನ್ನಿ. ಯಾವ ತಪಾಸಣೆಗಾರನೂ ಆ ಲೆಕ್ಕ ಕೇಳುವುದು ಅಪರೂಪ. ಹೋಗದ ಹಣಕ್ಕೆ ರಸೀತಿ ಎಲ್ಲಿಯದು? ಇನ್ನು ಕೊಡುವುದಿಲ್ಲವೆಂದು ಬರೆದು ಸಹಿ ಹಾಕಿದರೂ ಮೇಲ್ಮನವಿಯ ಭಯ. ಆದ್ದರಿಂದ ಕೊಡದೆ, ಇಲ್ಲವೆನ್ನದೆ, ಒಂದು ಸ್ಪಷ್ಟೀಕರಣ ಕೇಳಿ ಕಡತವನ್ನು ಪಕ್ಕದ ಮೇಜಿಗೆ ದಾಟಿಸುವವನೇ ಜಾಣ. ಅವನು ಕೆಟ್ಟವನಲ್ಲ. ಸಂಜೆ ಮನೆಗೆ ಹೋಗಿ ಮಗಳ ಲೆಕ್ಕದ ಪಾಠ ನೋಡುವ ಸಭ್ಯ ಗೃಹಸ್ಥ. ಇಂಥ ಹತ್ತು ಜನ ಸಭ್ಯರ ಜಾಣತನ ಸೇರಿದಾಗ ಹನ್ನೊಂದನೆಯವನಿಗೆ ಆಗುವುದು ಅನ್ಯಾಯ, ಆದರೆ ಮಾಡಿದವರು ಹತ್ತರಲ್ಲಿ ಒಬ್ಬರೂ ಅಲ್ಲ.

ನಮ್ಮ ಕಛೇರಿಯ ಭಾಷೆಯನ್ನೇ ಗಮನಿಸಿ. 'ಪರಿಶೀಲಿಸಲಾಗುತ್ತಿದೆ', 'ಕ್ರಮ ಕೈಗೊಳ್ಳಲಾಗುವುದು'. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಸಹಜವಲ್ಲವೆಂದು ನಮ್ಮ ವ್ಯಾಕರಣದ ಮೇಷ್ಟರು ಹೇಳುತ್ತಿದ್ದರು. ಮನೆಯಲ್ಲಿ ಯಾರೂ 'ಅನ್ನ ಉಣ್ಣಲಾಯಿತು' ಎನ್ನುವುದಿಲ್ಲ. ಆದರೆ ಕಛೇರಿಗೆ ಈ ಪ್ರಯೋಗವಿಲ್ಲದೆ ಒಂದು ದಿನವೂ ಸಾಗದು. ಕ್ರಿಯಾಪದವಿದೆ, ಕರ್ತೃಪದವಿಲ್ಲ. ಹಿಂದಿಯ 'ವಿಚಾರಾಧೀನ್' ಇನ್ನೂ ಗಟ್ಟಿ. ಅದರಲ್ಲಿ ವಿಚಾರ ಮಾಡುವವನೇ ಇಲ್ಲ, ಅರ್ಜಿಯೇ ವಿಚಾರಕ್ಕೆ ಅಧೀನವಾಗಿ ಬಿದ್ದಿರುತ್ತದೆ.

ಹಾಗೆಂದು ಕೇಳಿದವರಿಗೆಲ್ಲ ಕೊಟ್ಟುಬಿಡಲಾಗುತ್ತದೆಯೆ, ಸುಳ್ಳು ಹೇಳುವವರಿಲ್ಲವೆ ಎಂದು ಕೇಳುವವರಿದ್ದಾರೆ. ಇದ್ದಾರೆ, ಬಹಳ ಇದ್ದಾರೆ. ಈ ಪ್ರಶ್ನೆಗೆ ನಮ್ಮ ಭಾಷೆಯಲ್ಲೇ, ಈ ಊರಿನ ಮೇಲೆಯೇ ಒಂದು ನಾಟಕವಿದೆ. ಗಿರೀಶ ಕಾರ್ನಾಡರ 'ತುಘಲಕ್' ಪ್ರಕಟವಾದದ್ದು 1964ರಲ್ಲಿ. 1970ರ ದಶಕದಲ್ಲಿ ಅಲ್ಕಾಜಿಯವರು ಅದನ್ನು ಪುರಾನಾ ಕಿಲಾದ ಕಲ್ಲುಗಳ ನಡುವೆ ಹಿಂದೂಸ್ತಾನಿಯಲ್ಲಿ ಆಡಿಸಿದ್ದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಸುಲ್ತಾನನ ಮೇಲೆಯೇ ಪ್ರಜೆ ದಾವೆ ಹೂಡಬಹುದೆಂದು ಸಾರಿದಾಗ ವಿಷ್ಣುಪ್ರಸಾದನೆಂಬ ಬ್ರಾಹ್ಮಣ ಹೋದ ಜಮೀನಿಗಾಗಿ ದಾವೆ ಹಾಕಿ ಗೆಲ್ಲುತ್ತಾನೆ. ಹಣವೂ ಸರಕಾರಿ ಚಾಕರಿಯೂ ಸಿಗುತ್ತದೆ. ಗೆದ್ದವನು ಬ್ರಾಹ್ಮಣನಲ್ಲ, ಅಜೀಜನೆಂಬ ಅಗಸ. ಹಿಂದಿನ ತಾರೀಖು ಹಾಕಿದ ಪತ್ರ ಮಾಡಿಸಿಕೊಂಡು ಆ ದಾವೆಯನ್ನೇ ಕೊಂಡುಕೊಂಡಿದ್ದಾನೆ!

ಪ್ರತಿ ಕಛೇರಿಯೂ ಈ ಅಜೀಜನ ಭಯದಲ್ಲೇ ನಿಯಮ ಬರೆಯುತ್ತದೆ. ಇನ್ನೊಂದು ದಾಖಲೆ ಕೇಳು, ಇನ್ನೊಂದು ಸಹಿ ಕೇಳು, ಮೂಲ ಪ್ರತಿ ತರಿಸು. ಆದರೆ ನಾಟಕವನ್ನು ಮತ್ತೊಮ್ಮೆ ಓದಿದರೆ ಕಾಣುವುದೇನು? ದಾಖಲೆಗಳೆಲ್ಲ ಸರಿಯಾಗಿದ್ದದ್ದು ಅಜೀಜನ ಬಳಿಯೇ. ಕಾಗದವೇ ಅವನ ಕಸುಬು. ನಿಜವಾದ ವಿಷ್ಣುಪ್ರಸಾದನ ಮುಖವನ್ನು ನಾವು ನಾಟಕದುದ್ದಕ್ಕೂ ನೋಡುವುದಿಲ್ಲ. ನ್ಯಾಯಾಲಯದವರೆಗೆ ಬರುವ ತ್ರಾಣ ಅವನಿಗಿರಲಿಲ್ಲವೆಂದೇ ನಾವು ಊಹಿಸುತ್ತೇವೆ. ಕಾಗದದ ಗೋಡೆಯನ್ನು ಎತ್ತರಿಸಿದಷ್ಟೂ ಒಳಗೆ ಬರುವವರು ಗೋಡೆ ಹಾರುವ ಅಭ್ಯಾಸವಿದ್ದವರು. ಹೊರಗುಳಿಯುವವರು ಬಾಗಿಲು ಹುಡುಕುವವರು. ನಮ್ಮ ಹುಡುಗನ ಠೇಕೇದಾರನ ಕಡತ ನೋಡಿ, ಎಲ್ಲ ಸರಿಯಾಗಿದೆ. ರಾಜೀನಾಮೆ ಇದೆ, ಸಹಿ ಇದೆ, ಸಾಕ್ಷಿಯೂ ಇದೆ.

ಇದು ನಮ್ಮ ದೇಶದ ಶಾಪವೆಂದು ಯಾರೂ ಕೊರಗಬೇಕಾಗಿಲ್ಲ. ಆಸ್ಟ್ರೇಲಿಯದಲ್ಲಿ ಭತ್ಯೆ ಪಡೆದವರ ವರ್ಷದ ಆದಾಯವನ್ನು ಯಂತ್ರವೊಂದು ಹದಿನೈದು ದಿನಗಳ ಸಮ ತುಂಡುಗಳಾಗಿ ಹಂಚಿ, ನೀವು ಹೆಚ್ಚು ಪಡೆದಿದ್ದೀರಿ, ಹಿಂದಿರುಗಿಸಿ ಎಂದು ಲಕ್ಷಾಂತರ ಜನರಿಗೆ ಓಲೆ ಕಳಿಸಿತು. ಕೆಲವು ತಿಂಗಳು ಮಾತ್ರ ದುಡಿದವನಿಗೆ ಈ ಸರಾಸರಿ ಸುಳ್ಳಾಗುತ್ತದೆಂದು ಎಂಟನೆಯ ತರಗತಿಯ ಮಗುವೂ ಹೇಳೀತು. ಸಾಲವಿಲ್ಲವೆಂದು ರುಜುವಾತು ಮಾಡುವ ಹೊಣೆ ಓಲೆ ಬಂದವನದೇ. ಅದು ಕಾನೂನುಬಾಹಿರವೆಂದು 2019ರಲ್ಲಿ ಸರಕಾರವೇ ಒಪ್ಪಬೇಕಾಯಿತು. 2023ರ ಜುಲೈಯಲ್ಲಿ ವಿಚಾರಣಾ ಆಯೋಗದ ವರದಿ ಬಂದಿತು. ಇಂಗ್ಲೆಂಡಿನ ಕೆನ್ ಲೋಚ್ 2016ರಲ್ಲಿ ಮಾಡಿದ 'ಐ, ಡೇನಿಯಲ್ ಬ್ಲೇಕ್' ಚಿತ್ರದಲ್ಲಿ ಹೃದ್ರೋಗಿ ಬಡಗಿಯೊಬ್ಬ ಕೆಲಸಕ್ಕೆ ಯೋಗ್ಯನೆಂದು ಕಛೇರಿ ತೀರ್ಮಾನಿಸುತ್ತದೆ; ಅವನು ಮೇಲ್ಮನವಿ ಹಾಕಬೇಕಾದರೆ ಮೊದಲು ಒಬ್ಬ ಕಾಣದ ಅಧಿಕಾರಿಯ ದೂರವಾಣಿ ಕರೆ ಬರಬೇಕು. ಆ ಕರೆಗಾಗಿ ಅವನು ಕಾಯುತ್ತಾನೆ. ಇಲ್ಲವೆಂಬ ಮಾತಿಗಿಂತ ಬಾರದ ಮಾತು ಎಷ್ಟು ಕ್ರೂರವೆಂಬುದನ್ನು ಆ ಚಿತ್ರದಷ್ಟು ಚೆನ್ನಾಗಿ ತೋರಿಸಿದ್ದನ್ನು ನಾವು ಕಂಡಿಲ್ಲ.

ಏಕೆ ಕ್ರೂರ? ಇಲ್ಲವೆಂದರೆ ಮನುಷ್ಯ ಜಗಳವಾಡಬಹುದು, ಮೇಲಿನವರ ಬಳಿಗೆ ಹೋಗಬಹುದು, ಕಡೆಗೆ ಅತ್ತು ಸುಮ್ಮನಾಗಿ ಬೇರೆ ದಾರಿ ನೋಡಬಹುದು. ಏನೂ ಹೇಳದಿದ್ದರೆ ಕಾಯುವುದೊಂದೇ ಉಳಿಯುತ್ತದೆ, ಮತ್ತು ಕಾಯುವವನು ಬೇರೇನೂ ಮಾಡಲಾರ.

ಕಾನೂನಿಗೆ ಮೌನದ ಅರ್ಥ ಗೊತ್ತಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿ ಗೊತ್ತಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 25-ಎನ್ ಕಲಮಿನ ಪ್ರಕಾರ ದೊಡ್ಡ ಕಾರ್ಖಾನೆಯ ಮಾಲೀಕ ಕಾರ್ಮಿಕರನ್ನು ತೆಗೆದುಹಾಕಬೇಕಾದರೆ ಸರಕಾರದ ಅನುಮತಿ ಕೇಳಬೇಕಿತ್ತು. ಅರ್ಜಿ ಕೊಟ್ಟ ಅರವತ್ತು ದಿನದೊಳಗೆ ಸರಕಾರ ಏನೂ ಹೇಳದಿದ್ದರೆ? ಅನುಮತಿ ಕೊಟ್ಟಂತೆಯೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅನುಮತಿ ಬೇಕಾದ ಕಾರ್ಖಾನೆಯ ಅಳತೆ ನೂರು ಕಾರ್ಮಿಕರಿಂದ ಮುನ್ನೂರಕ್ಕೆ ಏರಿದೆ. ಅರವತ್ತು ದಿನದ ಮಾತು ಮಾತ್ರ ಹಾಗೆಯೇ ಉಳಿದಿದೆ. ಕೆಲಸದಿಂದ ತೆಗೆಯುವವನ ಅರ್ಜಿಗೆ ಸರಕಾರ ಮೌನವಾಗಿದ್ದರೆ ಅದು ಸಮ್ಮತಿ. ಕೆಲಸ ಕಳೆದುಕೊಂಡವನ ಅರ್ಜಿಗೆ ಅದೇ ಸರಕಾರ ಮೌನವಾಗಿದ್ದರೆ? ಅವನು ಮತ್ತೆ ನಾಳೆ ಬರಬೇಕು. ಒಂದೇ ಮೌನಕ್ಕೆ ಎರಡು ಅರ್ಥಗಳು. ಯಾರ ಅರ್ಜಿ ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ನಾವು ವಾದಿಸಬೇಕೆಂದು ನಮಗೆ ತೋರುವುದಿಲ್ಲ.

ವಿಮೆಯ ಹಣಕ್ಕೂ ಅರವತ್ತು ದಿನದ ಸೂತ್ರವನ್ನೇ ಹಚ್ಚಲಿ ಎಂದರೆ ನಿಧಿ ಬರಿದಾದೀತೆಂಬ ಹೆದರಿಕೆ. ಹೆದರಿಕೆ ಸುಳ್ಳಲ್ಲ, ಆದರೆ 22,500 ರೂಪಾಯಿಯ ಮೇಲೆ ಅರವತ್ತು ದಿನದಲ್ಲಿ ಹೌದು ಅಲ್ಲ ಎನ್ನಲಾರದ ಕಛೇರಿ, ಸಾವಿರ ಸಂಸಾರಗಳ ಮೇಲೆ ಅರವತ್ತು ದಿನದಲ್ಲಿ ತೀರ್ಮಾನಿಸುತ್ತದೆಂದು ಹೇಗೆ ನಂಬುವುದು? ನಮ್ಮ ಕರ್ನಾಟಕ 2012ರಲ್ಲಿ 'ಸಕಾಲ' ತಂದಾಗ ಮೌನಕ್ಕೆ ಬೆಲೆ ಕಟ್ಟಿತು: ತಡವಾದ ದಿನಕ್ಕೆ 20 ರೂಪಾಯಿ, ಮೇಲ್ಮಿತಿ 500. ಮೊತ್ತ ಹಾಸ್ಯಾಸ್ಪದವೆನ್ನುವವರು ಎನ್ನಲಿ. ಮೌನ ಬಿಟ್ಟಿಯಲ್ಲವೆಂದು ಒಂದು ಸರಕಾರ ಬರೆದುಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದೇ ಬಗೆಯದು 2005ರ ಮಾಹಿತಿ ಹಕ್ಕಿನ ಕಾಯ್ದೆ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ನಿರಾಕರಿಸಿದಂತೆ ಎಂದು ಅದು ಹೇಳುತ್ತದೆ. ನಿರಾಕರಿಸಿದಂತೆ ಎಂದರೆ ಏನು ಬಂತು ಎನ್ನಬೇಡಿ. ನಿರಾಕರಣೆಯೇ ಈ ಅರ್ಜಿದಾರನಿಗೆ ಸಿಗದಿದ್ದ ವಸ್ತು. ಅದು ಕೈಗೆ ಬಂದರೆ ಮೇಲ್ಮನವಿಯ ಬಾಗಿಲು ತೆರೆಯುತ್ತದೆ.

ಆ ಕೇಂದ್ರ ಕಾಯ್ದೆಗೂ ಮೊದಲು ದಿಲ್ಲಿಗೆ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆಯಿತ್ತು, 2001ರದು. ಪರಿವರ್ತನ್ ಸಂಸ್ಥೆಯವರು ಆ ದಿನಗಳದೊಂದು ಪ್ರಸಂಗ ಹೇಳುತ್ತಿದ್ದರು. ಪೂರ್ವ ದಿಲ್ಲಿಯ ವೆಲ್‌ಕಮ್ ಮಜ್ದೂರ್ ಕಾಲನಿಯ ದಿನಗೂಲಿಯೊಬ್ಬ ಪಡಿತರ ಚೀಟಿ ಕಳೆದುಕೊಂಡು 2004ರ ಜನವರಿಯಲ್ಲಿ ನಕಲಿಗೆ ಅರ್ಜಿ ಹಾಕಿ ಮೂರು ತಿಂಗಳು ಅಲೆದ. ಕಡೆಗೆ ಯಾರೋ ಬರೆದುಕೊಟ್ಟಂತೆ ಪ್ರಶ್ನೆಗಳನ್ನು ಕೊಟ್ಟ: ನನ್ನ ಅರ್ಜಿಯ ಮೇಲೆ ದಿನದಿನವೂ ಆದ ಕೆಲಸವೇನು? ಅದು ಯಾವ ಯಾವ ಅಧಿಕಾರಿಯ ಬಳಿ ಎಷ್ಟು ದಿನವಿತ್ತು, ಅವರ ಹೆಸರೇನು? ವಾರದೊಳಗೆ ಇನ್‌ಸ್ಪೆಕ್ಟರ್ ಮನೆಗೇ ಬಂದು ಚೀಟಿ ಸಿದ್ಧವಾಗಿದೆಯೆಂದ. ಕಛೇರಿಗೆ ಹೋದಾಗ ಅಧಿಕಾರಿ ಚಹಾ ಕೊಟ್ಟು, ಆ ಪ್ರಶ್ನೆಪತ್ರವನ್ನೊಂದು ಹಿಂದೆ ತೆಗೆದುಕೊಳ್ಳಪ್ಪಾ ಎಂದು ಕೇಳಿಕೊಂಡರಂತೆ. ಅವನು ಪಡಿತರದ ನಿಯಮ ಉದ್ಧರಿಸಲಿಲ್ಲ, ಬಡತನ ಹೇಳಿಕೊಳ್ಳಲಿಲ್ಲ. ಕ್ರಿಯಾಪದಕ್ಕೆ ಕರ್ತೃಪದ ಕೇಳಿದ, ಅಷ್ಟೇ.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ಐದು ತಿಂಗಳಿಗೆ ಅವನಿಗೆ ಓಖ್ಲಾದಲ್ಲಿ ಇನ್ನೊಂದು ಕೆಲಸ ಸಿಕ್ಕಿತೆಂದುಕೊಳ್ಳೋಣ, ಎರಡು ಸಾವಿರ ಕಡಿಮೆ ಸಂಬಳಕ್ಕೆ. "ಬಿಡು ಮಾರಾಯ, ಹೋದದ್ದು ಹೋಯಿತು, ಒಂದು ದಿನದ ರಜೆ ಹಾಕಿದರೆ ಆ ದಿನದ ಕೂಲಿಯೂ ಹೋಗುತ್ತದೆ" ಎನ್ನುತ್ತಾರೆ ತಂದೆ. ವ್ಯವಹಾರದ ದೃಷ್ಟಿಯಿಂದ ಅವರ ಮಾತು ತೂಕದ್ದೇ. ತನಗೆ ಬರಬೇಕಾದ ಹಣವನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ಯಾರಿಗೂ ಇದೆ. ಆದರೆ ಅವನ ಜೊತೆಗೆ ಅದೇ ದಿನ ಅದೇ ಕಾಗದಕ್ಕೆ ಸಹಿ ಹಾಕಿದ ಹತ್ತಿಪ್ಪತ್ತು ಜನರಲ್ಲಿ ಕೆಲಸ ಸಿಗದವರು ಇನ್ನೂ ಇದ್ದಾರೆ. ಹೆಚ್ಚಿನವರು ಬಿಹಾರದವರು, ಊರಿಗೆ ಹೊರಟುಹೋದವರು, ಬರೆಯಲು ಬಾರದವರು. ಒಬ್ಬನ ಅರ್ಜಿಗೆ ಉತ್ತರ ಬಂದರೆ, ಅದು ಇಲ್ಲವೆಂಬ ಉತ್ತರವೇ ಆದರೂ, ಉಳಿದವರಿಗೆ ಹಿಡಿಯಲು ಒಂದು ಎಳೆ ಸಿಕ್ಕಂತೆ. ಹಣ ಅವನದು, ಆ ಎಳೆಯೂ ಅವನೊಬ್ಬನದೇ ಎಂದು ನಾವು ಒಪ್ಪಲಾರೆವು.

ಶುಲ್ಕ 10 ರೂಪಾಯಿ. ಅರ್ಧ ಹಾಳೆಯ ಬರವಣಿಗೆ. ಅರ್ಜಿ ತಲುಪಿದ ತಾರೀಖು ಮತ್ತು ಡೈರಿ ನಂಬರು, ಈಗ ಯಾರ ಮೇಜಿನ ಮೇಲಿದೆ, ರಾಜೀನಾಮೆ ಎಂದು ನಿರ್ಧರಿಸಿದ್ದರೆ ನಿರ್ಧರಿಸಿದವರು ಯಾರು, ಯಾವ ಕಾಗದದ ಆಧಾರದಿಂದ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇಂಥ ಅರ್ಧ ಹಾಳೆಯನ್ನು ಹತ್ತು ನಿಮಿಷದಲ್ಲಿ ಬರೆಯಬಲ್ಲ ನಿವೃತ್ತರು ನಮ್ಮ ಸಂಘದ ಭಾನುವಾರದ ಕಾರ್ಯಕ್ರಮಗಳಲ್ಲಿ ಮುಂದಿನ ಎರಡು ಸಾಲು ತುಂಬಾ ಕುಳಿತಿರುತ್ತಾರೆ. ಅಡಿಗೆಯವರ ಮಗನೂ ಅಲ್ಲಿಗೇ ಬರುತ್ತಾನೆ, ಕಡೆಯ ಸಾಲಿಗೆ.